ಎತ್ತರಿಸುವ ಮುನ್ನ ಗಾಡಿಯ ಅಡಿಗೆ ಬಗ್ಗಿ ನೋಡಿ

ಕಳೆದ ವರ್ಷ ಮಳೆಗಾಲದ ಒಂದು ರಾತ್ರಿ. ಹತ್ತೂವರೆ ದಾಟಿತ್ತು. ನಮ್ಮ ಅಜ್ಜಿಗೆ ಇದ್ದಕ್ಕಿದ್ದಂತೆ ಉಸಿರಾಟದ ತೊಂದರೆ ಶುರುವಾಯಿತು. ಮಂಡ್ಯದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು ಎಂದಾಯಿತು. ಅಂಗಳದಲ್ಲೇ ಏಳು ಸೀಟಿನ ದೊಡ್ಡ ಗಾಡಿ ನಿಂತಿತ್ತು. ದೊಡ್ಡಪ್ಪನ ಮಗ, ಅಂದರೆ ನಮ್ಮಣ್ಣ, ನಾಲ್ಕು ತಿಂಗಳ ಹಿಂದಷ್ಟೇ ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಂದಿದ್ದ. 'ಮನೇಲಿ ವಯಸ್ಸಾದೋರು ಅವ್ರೆ, ರಾತ್ರಿ ಹೊತ್ತು ಏನಾದ್ರೂ ಆದ್ರೆ ಗಾಡಿ ಬೇಕು' ಎಂದು ಹೇಳಿಯೇ ದೊಡ್ಡಪ್ಪನನ್ನು ಒಪ್ಪಿಸಿದ್ದ.

ಬಾಗಿಲು ತೆಗೆದು ಅಜ್ಜಿಯನ್ನು ಹತ್ತಿಸಲು ಹೋದರೆ ಅವರ ಕಾಲು ಫುಟ್‌ಬೋರ್ಡಿಗೆ ಎಟುಕಲಿಲ್ಲ. ತಂದ ಮೊದಲ ತಿಂಗಳೇ ಅಣ್ಣ ಗಾಡಿಯನ್ನು ಎರಡು ಇಂಚು ಎತ್ತರಿಸಿದ್ದ, ಅಗಲದ ಟೈರ್ ಹಾಕಿಸಿದ್ದ. ಪ್ಲಾಸ್ಟಿಕ್ ಕುರ್ಚಿ ತಂದಿಟ್ಟೆವು. ಅಜ್ಜಿಗೆ ಮಂಡಿ ನೋವು ಬೇರೆ, ಮಳೆಯಲ್ಲಿ ಕುರ್ಚಿ ಜಾರುತ್ತಿತ್ತು. ಇಬ್ಬರು ಎತ್ತಿ ಹಿಡಿದರೂ ಆಗಲಿಲ್ಲ. ಕೊನೆಗೆ ಪಕ್ಕದ ಮನೆಯವರು ತಮ್ಮ ಹಳೆಯ ಓಮ್ನಿ ತೆಗೆದರು. ಅದರಲ್ಲಿ ಅಜ್ಜಿ ತಾವೇ ಕೂತರು. ದೊಡ್ಡ ಗಾಡಿ ಅಂಗಳದಲ್ಲೇ ಉಳಿಯಿತು.

ಅಜ್ಜಿ ಈಗ ಆರಾಮವಾಗಿದ್ದಾರೆ. ಆದರೆ ಆ ರಾತ್ರಿಯಿಂದ ನನ್ನ ತಲೆಯಲ್ಲಿ ಕೊರೆಯುತ್ತಿರುವ ವಿಷಯವನ್ನು ನನ್ನಂತೆಯೇ ಓದು ಮುಗಿಸಿ ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರ ಮುಂದೆ ಇಡಬೇಕು ಅನ್ನಿಸಿತು. ನಾನು ಡಿಪ್ಲೊಮಾ ಮೆಕ್ಯಾನಿಕಲ್ ಓದಿದವಳು. ಗಾಡಿ ತರುವಾಗ ನನ್ನನ್ನು ಯಾರೂ ಕೇಳಲಿಲ್ಲ. ಕೆಟ್ಟ ಮೇಲೆ ಎಲ್ಲರೂ ಕೇಳಿದರು.

ನಮ್ಮ ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯಲ್ಲಿ ದೊಡ್ಡ ಗಾಡಿಯ ಮೇಲೆ ಆಸೆ ಇಂದು ನಿನ್ನೆಯದಲ್ಲ. 1994ರಲ್ಲಿ ಟಾಟಾ ಸುಮೊ ಬಂತು, 1998ರಲ್ಲಿ ಸಫಾರಿ ಬಂತು. 2000ದಲ್ಲಿ ಕ್ವಾಲಿಸ್ ಬಂದದ್ದು ಪಕ್ಕದ ಬಿಡದಿಯ ಕಾರ್ಖಾನೆಯಿಂದ. 2002ರಲ್ಲಿ ಸ್ಕಾರ್ಪಿಯೊ ಬಂದಾಗ ಹಳ್ಳಿಯ ಹುಡುಗರ ಕಣ್ಣು ಅದರ ಮೇಲೆ ನೆಟ್ಟಿತು. 2009ರಲ್ಲಿ ಅದೇ ಬಿಡದಿಯಿಂದ ಫಾರ್ಚೂನರ್ ಹೊರಬಂದ ಮೇಲಂತೂ ಬಿಳಿ ಬಣ್ಣದ ಎತ್ತರದ ಗಾಡಿ ಎಂದರೆ ರಾಜಕಾರಣಿ ಅಥವಾ ಕಂಟ್ರಾಕ್ಟರ್ ಎಂಬ ಲೆಕ್ಕ ಆಯಿತು. ಬೀಗರೂಟಕ್ಕೆ, ಮಾರಿಹಬ್ಬಕ್ಕೆ ಅಂಥ ಗಾಡಿಯಲ್ಲಿ ಇಳಿದರೆ ಸಿಗುವ ಮರ್ಯಾದೆ ಬಸ್ಸಿನಲ್ಲಿ ಬಂದವರಿಗೆ ಸಿಗುವುದಿಲ್ಲ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ನಾನೇ ಶಕ್ತಿ ಯೋಜನೆಯ ಬಸ್ಸಿನಲ್ಲಿ ಹೋಗಿ ಇಳಿಯುವವಳು, ಆ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು.

ಇನ್ನೊಂದು ಮಾತು. ಅಗತ್ಯವೂ ಸುಳ್ಳಲ್ಲ. ಒಟ್ಟು ಕುಟುಂಬ, ಕಬ್ಬಿನ ಗದ್ದೆಗೆ ಆಳು ಊಟ ಸಾಗಿಸಬೇಕು, ಗೊಬ್ಬರದ ಚೀಲ ಹಾಕಬೇಕು, ವರ್ಷಕ್ಕೊಮ್ಮೆ ಮಾದಪ್ಪನ ಬೆಟ್ಟಕ್ಕೆ ಎಂಟು ಜನ ಹೋಗಬೇಕು. ಹೊಸ ಗಾಡಿಯ ಬೆಲೆ ಕೇಳಿದರೆ ನಮ್ಮಂಥವರಿಗೆ ತಲೆ ತಿರುಗುತ್ತದೆ. ಹತ್ತು ಹನ್ನೆರಡು ವರ್ಷದ ಗಾಡಿ ಕಾಲು ಭಾಗದ ಬೆಲೆಗೆ ಸಿಕ್ಕರೆ ತೆಗೆದುಕೊಳ್ಳುವುದರಲ್ಲಿ ತಪ್ಪೇನಿದೆ? ಏನೂ ಇಲ್ಲ. ಚಾಸಿಸ್ ಮೇಲೆ ಬಾಡಿ ಕೂರಿಸಿದ ಇಂಥ ಗಾಡಿಗಳು ಚೆನ್ನಾಗಿ ನೋಡಿಕೊಂಡರೆ ಬಹಳ ವರ್ಷ ಬಾಳುತ್ತವೆ. ನನ್ನ ತಕರಾರು ಕೊಳ್ಳುವುದರ ಮೇಲಲ್ಲ. ಕೊಂಡ ಮೇಲೆ ಕೈಯಲ್ಲಿ ಉಳಿದ ದುಡ್ಡನ್ನು ನಾವು ಎಲ್ಲಿ ಹಾಕುತ್ತೇವೆ ಎಂಬುದರ ಮೇಲೆ.

ಅಣ್ಣನ ಲೆಕ್ಕವನ್ನೇ ಹೇಳುತ್ತೇನೆ, ಅವನ ಒಪ್ಪಿಗೆ ಪಡೆದೇ. ಗಾಡಿಗೆ 5 ಲಕ್ಷ 20 ಸಾವಿರ. ಅದರಲ್ಲಿ 4 ಲಕ್ಷ ಸಾಲ, ಶೇ 15ರ ಬಡ್ಡಿ, 48 ಕಂತು. ಹಳೆಯ ಗಾಡಿಯ ಸಾಲಕ್ಕೆ ಹೊಸ ಗಾಡಿಗಿಂತ ಬಡ್ಡಿ ಹೆಚ್ಚು ಎಂಬುದು ಅವನಿಗೆ ಸಹಿ ಹಾಕುವಾಗಲೇ ಗೊತ್ತಾದದ್ದು. ತಿಂಗಳ ಕಂತು 11,132 ರೂಪಾಯಿ. ನಾಲ್ಕು ವರ್ಷಕ್ಕೆ ಕಟ್ಟುವುದು 5 ಲಕ್ಷ 34 ಸಾವಿರ, ಅಂದರೆ ಬಡ್ಡಿಯೇ 1 ಲಕ್ಷ 34 ಸಾವಿರ. ತಿಂಗಳಿಗೆ ಸಾವಿರ ಕಿಲೋಮೀಟರ್ ಓಡಿಸಿದರೆ, ಲೀಟರಿಗೆ 11 ಕಿ.ಮೀ. ಲೆಕ್ಕದಲ್ಲಿ 91 ಲೀಟರ್ ಡೀಸೆಲ್. ಲೀಟರಿಗೆ 90 ರೂಪಾಯಿ ಹಿಡಿದರೂ 8 ಸಾವಿರದ ಮೇಲಾಯಿತು. ಅಲ್ಲಿಗೆ ತಿಂಗಳಿಗೆ 19 ಸಾವಿರ. ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ದುಡಿಯುವ ಅವನ ಕೈಗೆ ಬರುವುದು 21 ಸಾವಿರ. ಆಯಿಲ್, ವಿಮೆ, ಟೈರ್ ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಇಂಥ ಲೆಕ್ಕದ ಮಧ್ಯೆ ಅವನು ಮೊದಲ ತಿಂಗಳು ಖರ್ಚು ಮಾಡಿದ್ದು ಹೀಗೆ: ಎತ್ತರಿಸುವ ಸ್ಪೇಸರ್ ಮತ್ತು ಕೂಲಿ, ಅಗಲದ ಟೈರ್, ಮುಂದೆ ಕಬ್ಬಿಣದ ಗಾರ್ಡ್, ಮೇಲೆ ಉದ್ದದ ಎಲ್ಇಡಿ ಲೈಟು. ಒಟ್ಟು 1 ಲಕ್ಷ 10 ಸಾವಿರ. ಅದರಲ್ಲಿ ಅರ್ಧ ದೊಡ್ಡಮ್ಮನ ಸ್ವಸಹಾಯ ಸಂಘದಿಂದ ತಂದ ಸಾಲ. 'ಎತ್ರ ಇದ್ರೇನೇ ಗತ್ತು ಕಣಮ್ಮಿ, ಗದ್ದೆ ದಾರೀಲಿ ಅಡಿಯೂ ತಾಗಕಿಲ್ಲ' ಎಂದ.

ಅಡಿ ತಾಗುವುದಿಲ್ಲ ಎಂಬ ಮಾತನ್ನೇ ಮೊದಲು ನೋಡೋಣ. ಏಕೆಂದರೆ ಬಹಳ ಹುಡುಗರು ಇದನ್ನೇ ಹೇಳುತ್ತಾರೆ. ನಮ್ಮ ಹಳೆಯ ದೊಡ್ಡ ಗಾಡಿಗಳಲ್ಲಿ ಹೆಚ್ಚಿನವಕ್ಕೆ ಹಿಂದೆ ಒಂದೇ ಗಟ್ಟಿ ಆಕ್ಸಲ್ ಇರುತ್ತದೆ, ನಡುವೆ ಡಿಫರೆನ್ಷಿಯಲ್‌ನ ಗುಂಡು. ಸಾಮಾನ್ಯವಾಗಿ ಗಾಡಿಯ ಅಡಿಯಲ್ಲಿ ನೆಲಕ್ಕೆ ಅತಿ ಹತ್ತಿರ ಇರುವ ಭಾಗಗಳಲ್ಲಿ ಅದೂ ಒಂದು. ಸ್ಪ್ರಿಂಗ್ ಮೇಲೆ ಸ್ಪೇಸರ್ ಇಟ್ಟು ಬಾಡಿ, ಚಾಸಿಸ್ ಎತ್ತಿದರೆ ಆ ಗುಂಡು ಎಳ್ಳಷ್ಟೂ ಮೇಲೇಳುವುದಿಲ್ಲ. ಅದು ಚಕ್ರದ ಜೊತೆ ಇರುವಂಥದ್ದು. ಅದನ್ನು ಎತ್ತಬೇಕಾದರೆ ಟೈರೇ ದೊಡ್ಡದಾಗಬೇಕು. 235/65 ಆರ್17 ಟೈರಿನ ವ್ಯಾಸ 737 ಮಿ.ಮೀ. ಅದರ ಜಾಗಕ್ಕೆ 265/65 ಆರ್17 ಹಾಕಿದರೆ 776 ಮಿ.ಮೀ. ವ್ಯಾಸ 39 ಮಿ.ಮೀ. ಹೆಚ್ಚಾದರೆ ಆಕ್ಸಲ್ ಮೇಲೇರುವುದು ಅದರ ಅರ್ಧ, ಹೆಬ್ಬೆರಳಿನ ಅಗಲದಷ್ಟು. ಇಷ್ಟಕ್ಕೆ ಲಕ್ಷ ರೂಪಾಯಿ! ಗದ್ದೆ ದಾರಿಯ ಗಾಲಿ ಜಾಡಿನ ನಡುವಿನ ದಿಬ್ಬಕ್ಕೆ ಗುಂಡು ಮೊದಲು ತಾಗುತ್ತಿದ್ದ ಕಡೆ ಈಗಲೂ ತಾಗುತ್ತದೆ.

ದೊಡ್ಡ ಟೈರ್ ಇನ್ನೊಂದು ಆಟ ಆಡುತ್ತದೆ. ಚಕ್ರ ಒಂದು ಸುತ್ತಿಗೆ ಮೊದಲಿಗಿಂತ ಶೇ 5ರಷ್ಟು ಹೆಚ್ಚು ದೂರ ಹೋಗುತ್ತದೆ, ಆದರೆ ಮೀಟರ್‌ಗೆ ಅದು ಗೊತ್ತಾಗುವುದಿಲ್ಲ. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ಮಿತಿ, ಮೇಲೆ ಕ್ಯಾಮೆರಾ ಕಣ್ಣು. ಮೀಟರ್ ನಂಬಿ ಹೋದವನಿಗೆ ಮೊಬೈಲಿಗೆ ದಂಡದ ಸಂದೇಶ ಬಂದಾಗ ಅರ್ಥವಾಗುತ್ತದೆ. ಹಳೆಯ ಗಾಡಿ ಕೊಳ್ಳುವವರೂ ಇದನ್ನು ನೆನಪಿಡಬೇಕು. ಹಿಂದಿನ ಮಾಲೀಕ ದೊಡ್ಡ ಟೈರ್ ಹಾಕಿ ಓಡಿಸಿದ್ದರೆ ಮೀಟರ್ ತೋರಿಸುವುದಕ್ಕಿಂತ ಗಾಡಿ ಹೆಚ್ಚೇ ಓಡಿರುತ್ತದೆ.

ಇವೆಲ್ಲಕ್ಕಿಂತ ನನಗೆ ಹೆದರಿಕೆ ಹುಟ್ಟಿಸುವುದು ಗಾಡಿ ಮಗುಚುವ ವಿಷಯ. ಕಾಲೇಜಿನಲ್ಲಿ ಗುರುತ್ವ ಕೇಂದ್ರ ಎಂದು ಓದಿ ಅಂಕ ತೆಗೆದಿರುತ್ತೇವೆ, ಆದರೆ ಅದು ನಮ್ಮ ಅಂಗಳದ ಗಾಡಿಗೂ ಅನ್ವಯಿಸುತ್ತದೆ ಎಂದು ಹೊಳೆಯುವುದಿಲ್ಲ. ಅಮೆರಿಕದಲ್ಲಿ ಗಾಡಿ ಮಗುಚುವ ಸಾಧ್ಯತೆ ಅಳೆಯಲು ಒಂದು ಸರಳ ಸೂತ್ರ ಬಳಸುತ್ತಾರೆ. ಎಡ ಬಲ ಚಕ್ರಗಳ ನಡುವಿನ ಅಗಲವನ್ನು ಗುರುತ್ವ ಕೇಂದ್ರದ ಎತ್ತರದ ಎರಡು ಪಟ್ಟಿನಿಂದ ಭಾಗಿಸಬೇಕು, ಅಷ್ಟೇ. ಉದಾಹರಣೆಗೆ ಅಗಲ 1,500 ಮಿ.ಮೀ., ಎತ್ತರ 720 ಮಿ.ಮೀ. ಎಂದುಕೊಳ್ಳಿ. ಉತ್ತರ 1.04. ಬಾಡಿ ಎರಡು ಇಂಚು ಎತ್ತಿ, ಗುರುತ್ವ ಕೇಂದ್ರ 40 ಮಿ.ಮೀ. ಮೇಲೇರಿತು ಎಂದರೆ ಉತ್ತರ 0.99ಕ್ಕೆ ಇಳಿಯುತ್ತದೆ. ಈ ಸಂಖ್ಯೆ ಕಡಿಮೆಯಾದಷ್ಟೂ ಗಾಡಿ ಬೇಗ ಮಗುಚುತ್ತದೆ. ಸಾಮಾನ್ಯ ಸಣ್ಣ ಕಾರುಗಳದು ಇದಕ್ಕಿಂತ ಸಾಕಷ್ಟು ಹೆಚ್ಚಿರುತ್ತದೆ. ದೊಡ್ಡ ಗಾಡಿ ಕಂಪನಿಯಿಂದ ಬರುವಾಗಲೇ ಅಂಚಿನಲ್ಲಿರುತ್ತದೆ, ನಾವು ದುಡ್ಡು ಕೊಟ್ಟು ಅದನ್ನು ಇನ್ನಷ್ಟು ಅಂಚಿಗೆ ತಳ್ಳುತ್ತೇವೆ.

ನಮ್ಮ ಜಿಲ್ಲೆಯ ರಸ್ತೆಗಳನ್ನು ನೆನಪಿಸಿಕೊಳ್ಳಿ. ನಾಲೆ ಏರಿಯ ಮೇಲೆ ಒಂದೂವರೆ ಗಾಡಿ ಹಿಡಿಸುವಷ್ಟು ಟಾರು, ಅದರ ಅಂಚಿಗೆ ಮೆತ್ತನೆಯ ಮಣ್ಣು, ಅದರಾಚೆ ನೀರು. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬಂದರೆ ಎಡ ಚಕ್ರ ಮಣ್ಣಿಗೆ ಇಳಿಸಲೇಬೇಕು. ಗಾಡಿ ಮಗುಚುವುದು ಹೆಚ್ಚಾಗಿ ಹೀಗೇ: ಚಕ್ರ ಮಣ್ಣಿಗೋ ಗುಂಡಿಗೋ ಸಿಕ್ಕಿ ಎಡವಿದಾಗ. 2018ರ ನವೆಂಬರ್ 24ರಂದು ಪಾಂಡವಪುರ ತಾಲೂಕಿನ ಕನಗನಮರಡಿ ಬಳಿ ಬಸ್ಸು ವಿ.ಸಿ. ನಾಲೆಗೆ ಉರುಳಿ 30 ಜನ ಸತ್ತದ್ದು ಈ ಜಿಲ್ಲೆಯಲ್ಲಿ ಯಾರಿಗೂ ಮರೆತಿಲ್ಲ. ಅದು ಬಸ್ಸು, ಎತ್ತರಿಸಿದ ಗಾಡಿಯಲ್ಲ, ಎರಡಕ್ಕೂ ನೇರ ಸಂಬಂಧ ಇಲ್ಲ. ಆದರೆ ನಾಲೆ ಪಕ್ಕದ ರಸ್ತೆಯಲ್ಲಿ ತಪ್ಪಿಗೆ ಎಷ್ಟು ಜಾಗ ಉಳಿದಿದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಾಗಿಲ್ಲ.

ಎತ್ತರಿಸಿದಾಗ ಹೆಡ್‌ಲೈಟೂ ಮೇಲೇರುತ್ತದೆ. ಅದನ್ನು ಮತ್ತೆ ಇಳಿಸಿ ಸರಿಪಡಿಸಬೇಕು ಎಂದು ಫಿಟ್ಟಿಂಗ್ ಅಂಗಡಿಯವರು ಅಣ್ಣನಿಗೆ ಹೇಳಲೇ ಇಲ್ಲ. ಮದ್ದೂರಿನಿಂದ ಕೆ.ಎಂ.ದೊಡ್ಡಿ ಮೇಲೆ ಮಳವಳ್ಳಿಗೆ ಬರುವ ದಾರಿಯಲ್ಲಿ ಕಬ್ಬು ಅರೆಯುವ ಕಾಲಕ್ಕೆ ರಾತ್ರಿ ಎತ್ತಿನ ಗಾಡಿ, ಟ್ರ್ಯಾಕ್ಟರ್ ಸಾಲು ಇರುತ್ತವೆ. ಬಹಳಷ್ಟಕ್ಕೆ ಹಿಂದೆ ಕೆಂಪು ದೀಪವೂ ಇರುವುದಿಲ್ಲ. ಎದುರಿನ ಬೈಕಿನವನ ಕಣ್ಣಿಗೆ ನಮ್ಮ ಲೈಟು ಹೊಡೆದರೆ ಅವನು ಹೋಗಿ ಗುದ್ದುವುದು ಅದೇ ಕಬ್ಬಿನ ಗಾಡಿಗೆ. ಗತ್ತು ನಮ್ಮದು, ಪೆಟ್ಟು ಅವನದು.

ಕಾನೂನು ಏನು ಹೇಳುತ್ತದೆ? ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ವಿವರಗಳಿಗೆ ಹೊಂದದಂತೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷ ತಿದ್ದುಪಡಿಯಾದ ಕಾಯ್ದೆಯ 182ಎ ಕಲಮಿನಲ್ಲಿ ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದಿದೆ. ಮುಂದಿನ ಕಬ್ಬಿಣದ ಗಾರ್ಡ್ ವಿರುದ್ಧ ಕ್ರಮ ಕೈಗೊಳ್ಳಿ ಎಂದು ಕೇಂದ್ರ ಸರ್ಕಾರ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ಗುದ್ದಿದ ರಭಸವನ್ನು ಹೀರಿಕೊಳ್ಳಬೇಕಾದ ಬಂಪರ್‌ನ ಕೆಲಸವನ್ನು ಆ ಗಾರ್ಡ್ ಕೆಡಿಸುತ್ತದೆ, ರಸ್ತೆ ದಾಟುವವರಿಗೆ ಬೀಳುವ ಪೆಟ್ಟನ್ನು ಹೆಚ್ಚಿಸುತ್ತದೆ. ನನಗೆ ಸಿಟ್ಟು ಬರುವುದು ಇಲ್ಲಿ: ಹೆದ್ದಾರಿ ಪಕ್ಕದಲ್ಲೇ ಬೋರ್ಡ್ ಹಾಕಿ ಇವನ್ನೆಲ್ಲ ಕೂರಿಸುವ ಅಂಗಡಿಗಳು ಬಿಲ್ಲೂ ಕೊಡುವುದಿಲ್ಲ, ದಂಡವೂ ಕಟ್ಟುವುದಿಲ್ಲ. ರಸ್ತೆಯಲ್ಲಿ ಸಿಕ್ಕಿಬೀಳುವವನು 21 ಸಾವಿರ ಸಂಬಳದ ಹುಡುಗ. ಅಪಘಾತವಾದರೆ ವಿಮಾ ಕಂಪನಿಯವರು ಮೊದಲು ಕೇಳುವ ಪ್ರಶ್ನೆಗಳಲ್ಲಿ ಈ ಬದಲಾವಣೆಯೂ ಒಂದು.

ಸರಿ, ಹಾಗಾದರೆ ಆ 1 ಲಕ್ಷ 10 ಸಾವಿರವನ್ನು ಎಲ್ಲಿ ಹಾಕಬೇಕಿತ್ತು? ಇದಕ್ಕೆ ಉತ್ತರ ನಮಗೆ ಸಿಕ್ಕಿದ್ದು ಆರನೇ ತಿಂಗಳಿನಲ್ಲಿ, ಗಾಡಿ ಬ್ರೇಕ್ ಹಿಡಿದಾಗಲೆಲ್ಲ ಎಡಕ್ಕೆ ಎಳೆಯಲು ಶುರುವಾದಾಗ. ಮಳವಳ್ಳಿಯಲ್ಲಿ ಹಳೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಸುಮೊ ಕಾಲದಿಂದ ಕೆಲಸ ಮಾಡುತ್ತಿರುವವರು. ಗಾಡಿಯನ್ನು ಗುಂಡಿಯ ಮೇಲೆ ನಿಲ್ಲಿಸಿ ನನ್ನನ್ನೂ ಕೆಳಗೆ ಕರೆದರು. 'ಬಾ ಕೂಸೆ, ಓದಿದ್ದೀಯಲ್ಲ, ನೀನೇ ನೋಡು' ಎಂದರು. ಮುಂದಿನ ಕೆಳ ಆರ್ಮ್‌ಗಳ ರಬ್ಬರ್ ಬುಷ್ ಹರಿದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿತ್ತು. ಬಾಲ್ ಜಾಯಿಂಟ್ ಅಲುಗಾಡುತ್ತಿತ್ತು. ಎತ್ತರಿಸಿದ್ದರಿಂದ ಜಾಯಿಂಟುಗಳು ತಮ್ಮ ಸಹಜ ಕೋನ ಬಿಟ್ಟು ಎಳೆದುಕೊಂಡಿದ್ದವು, ಹೊಸ ಟೈರಿನ ಒಳ ಅಂಚು ಆಗಲೇ ಸವೆದಿತ್ತು. ಬ್ರೇಕ್ ಪ್ಯಾಡ್ ನಾಣ್ಯದಷ್ಟು ತೆಳುವಾಗಿತ್ತು. ಅವರು ಬೈಯಲಿಲ್ಲ. 'ಮೇಲೆ ಹಾಕಿದ್ದನ್ನ ಇಲ್ಲಿ ಹಾಕಿದ್ರೆ ಐದು ವರ್ಸ ನನ್ನ ಮುಖ ನೋಡ್ತಿರ್ಲಿಲ್ಲ ನೀವು' ಎಂದಷ್ಟೇ ಹೇಳಿದರು.

ಆ ದಿನ ಅವರು ಹೇಳಿಕೊಟ್ಟದ್ದನ್ನೂ ನಾನು ಓದಿದ್ದನ್ನೂ ಸೇರಿಸಿ, ಹಳೆಯ ದೊಡ್ಡ ಗಾಡಿ ನೋಡಲು ಹೋಗುವವರಿಗೆ ಕೆಲವು ಮಾತು ಹೇಳುತ್ತೇನೆ. ಬೆಳಿಗ್ಗೆ ಹೋಗಿ, ಎಂಜಿನ್ ತಣ್ಣಗಿರುವಾಗ. 'ಬಿಸಿ ಮಾಡಿ ಇಟ್ಟಿದ್ದೀನಿ' ಎಂದು ಮಾರುವವರು ಹೇಳಿದರೆ ಅನುಮಾನ ಪಡಿ. ತಣ್ಣಗಿದ್ದಾಗ ಹತ್ತುವ ರೀತಿ, ಮೊದಲ ಹೊಗೆಯ ಬಣ್ಣ ಬಹಳ ಹೇಳುತ್ತವೆ. ನೀಲಿ ಹೊಗೆ ನಿಲ್ಲದೆ ಬರುತ್ತಿದ್ದರೆ ಎಂಜಿನ್ ಆಯಿಲ್ ಉರಿಯುತ್ತಿದೆ ಎಂದರ್ಥ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ನೋಡಿ. ಅಲ್ಲಿಂದ ಒತ್ತಿಕೊಂಡು ದಟ್ಟ ಹೊಗೆ ಬಂದರೆ ಕೈಮುಗಿದು ಬನ್ನಿ, ಎಂಜಿನ್ ಬೋರ್ ಮಾಡಿಸುವ ಖರ್ಚು ಗಾಡಿಯ ಬೆಲೆಯ ದೊಡ್ಡ ಪಾಲನ್ನೇ ನುಂಗುತ್ತದೆ.

ಆಮೇಲೆ ಅಡಿಗೆ ಬಗ್ಗಿ. ಹೊಸದಾಗಿ ಕಪ್ಪು ಪೇಂಟ್ ಬಳಿದಿದ್ದರೆ ಅದು ತುಕ್ಕು ಮುಚ್ಚಲು ಬಳಿದದ್ದೇ ಎಂದುಕೊಂಡು ಒಂದು ಸ್ಕ್ರೂಡ್ರೈವರಿನಿಂದ ಚಾಸಿಸ್ ಕೂಡುವ ಜಾಗಗಳಲ್ಲಿ ತಟ್ಟಿ ನೋಡಿ. ವೆಲ್ಡಿಂಗ್ ಗುರುತಿದೆಯೇ, ಚಾಸಿಸ್ ಮೇಲೆ ಕೊರೆದ ನಂಬರ್ ಆರ್‌ಸಿಯಲ್ಲಿರುವುದಕ್ಕೆ ಹೊಂದುತ್ತದೆಯೇ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆಯಿರಿ. ನೀರಲ್ಲಿ ಮುಳುಗಿದ ಗಾಡಿಯಾದರೆ ಒಳಗಿನ ತುದಿಯಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. 2022ರ ಆಗಸ್ಟ್ ಕೊನೆಯಲ್ಲಿ ರಾಮನಗರದ ಬಳಿ ಹೆದ್ದಾರಿಯಲ್ಲೇ ಗಾಡಿಗಳು ಮುಳುಗಿದ್ದವು, ಮುಂದಿನ ವಾರವೇ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳಲ್ಲಿ ದುಬಾರಿ ಕಾರುಗಳು ನೀರಲ್ಲಿ ನಿಂತಿದ್ದವು. ಅಂಥ ಗಾಡಿಗಳನ್ನು ತೊಳೆದು ಒಣಗಿಸಿ ಮಾರಿದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 3219 ಎಂದಿದ್ದರೆ 2019ರ 32ನೇ ವಾರ ತಯಾರಾದದ್ದು. ಗುಂಡಿ ಆಳವಿದ್ದರೂ ವಯಸ್ಸಾದ ರಬ್ಬರ್ ಹೆದ್ದಾರಿಯ ಬಿಸಿಗೆ ಸಿಡಿಯುತ್ತದೆ.

ಮಾಡೆಲ್ ಆರಿಸುವಾಗ ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಯೋಚಿಸಿ. ಎಂಡೆವರ್‌ನಂಥ ಗಾಡಿ ಈಗ ಆಸೆ ಹುಟ್ಟಿಸುವ ಬೆಲೆಗೆ ಸಿಗಬಹುದು. ಆದರೆ ಫೋರ್ಡ್ 2021ರ ಸೆಪ್ಟೆಂಬರಿನಲ್ಲೇ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಮಳವಳ್ಳಿಯ ಗ್ಯಾರೇಜಿನಲ್ಲಿ ಕೂತು ಒಂದು ಸೆನ್ಸಾರಿಗೆ ಬೆಂಗಳೂರಿಗೆ ಫೋನ್ ಮಾಡುತ್ತಾ ವಾರ ಕಾಯುವ ಶಕ್ತಿ ಇದ್ದರೆ ಕೊಳ್ಳಿ. ಬೊಲೆರೊ, ಸ್ಕಾರ್ಪಿಯೊ, ಸುಮೊಗಳ ಸಾಮಾನಾದರೆ ಮಂಡ್ಯದಲ್ಲೇ ಅದೇ ದಿನ ಸಿಗುತ್ತದೆ.

ಕಾಗದದ ವಿಷಯಕ್ಕೆ ಬರುತ್ತೇನೆ. ಗಾಡಿಗಿಂತ ನಮ್ಮನ್ನು ಹೆಚ್ಚು ಓಡಾಡಿಸಿದ್ದು ಇದೇ. ಬ್ರೋಕರ್ ಕೈಯಿಂದ ತಂದ ಗಾಡಿಯ ಆರ್‌ಸಿ ನಾವು ಮುಖವನ್ನೇ ನೋಡಿರದ ಬೆಂಗಳೂರಿನ ಒಬ್ಬರ ಹೆಸರಲ್ಲಿತ್ತು. ಖಾಲಿ ಫಾರಂ 29, ಫಾರಂ 30ಕ್ಕೆ ಅವರ ಸಹಿ ಹಾಕಿಸಿ ಕೊಟ್ಟು 'ನಿಧಾನಕ್ಕೆ ಮಾಡಿಸ್ಕೊಳಿ' ಎಂದಿದ್ದರು. ಅಣ್ಣನೂ ನಿಧಾನ ಮಾಡಿದ. ಮಾಡಿಸಲು ಹೋದಾಗ ಹಳೆಯ ಸಾಲ ತೀರಿದ್ದರೂ ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆಸಿರಲಿಲ್ಲ. ಅದಕ್ಕೆ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ ಬೇಕು. ಜೊತೆಗೆ ಹಿಂದಿನವರು ಕಟ್ಟದೆ ಬಿಟ್ಟ ಆರು ದಂಡ. ಐದು ತಿಂಗಳು ಅಲೆದೆವು.

ಕಾಯ್ದೆ ಪ್ರಕಾರ ರಾಜ್ಯದೊಳಗಿನ ಮಾರಾಟವಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನು ಹೆಸರಿಗೆ ವರ್ಗಾಯಿಸಲು ಕೊಂಡವರಿಗೆ ಇರುವುದು 14 ದಿನ. ಹಿಂದಿನವರ ನೋ ಕ್ಲೇಮ್ ಬೋನಸ್ ನಮಗೆ ಬರುವುದಿಲ್ಲ, ಅದು ವ್ಯಕ್ತಿಗೆ ಸೇರಿದ್ದೇ ಹೊರತು ಗಾಡಿಗಲ್ಲ. ಬೇರೆ ರಾಜ್ಯದ ಗಾಡಿಯನ್ನು ಅಗ್ಗ ಎಂದು ತಂದರೆ ಅಲ್ಲಿನ ಎನ್‌ಒಸಿ, ಇಲ್ಲಿನ ತೆರಿಗೆ ಎಲ್ಲ ಸೇರಿ ಅಗ್ಗ ಅನ್ನುವುದು ಉಳಿಯುವುದಿಲ್ಲ. ಮುಂಗಡ ಕೊಡುವ ಮೊದಲೇ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿಯ ನಂಬರ್ ಹಾಕಿ ನೋಡಿ. ವಿಮೆ, ಎಫ್‌ಸಿ ಎಲ್ಲಿಯವರೆಗಿದೆ, ಸಾಲ ಇದೆಯೇ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಮಾರುವವರಿಗೂ ಇದು ಅನ್ವಯಿಸುತ್ತದೆ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ ಕಾರು ಕೈಯಿಂದ ಕೈಗೆ ಮಾರಾಟವಾಗಿತ್ತು, ಆದರೆ ಆರ್‌ಸಿ ಮೊದಲಿನವರ ಹೆಸರಲ್ಲೇ ಉಳಿದಿತ್ತು. ಅಪಘಾತದಲ್ಲಿ ಜೀವ ಹೋಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕ, ಪರಿಹಾರದ ಹೊಣೆ ಅವರದೇ ಎಂದಿತು ಕೋರ್ಟು. ನಮ್ಮ ಅಪ್ಪಂದಿರು ನಂಬಿಕೆಯ ಮೇಲೆ ಮಾರಿದ ಹಳೆಯ ಗಾಡಿ, ಬೈಕುಗಳು ಇವತ್ತು ಯಾರ ಕೈಯಲ್ಲಿವೆ, ಯಾರ ಹೆಸರಲ್ಲಿವೆ ಎಂದು ಮನೆಯಲ್ಲಿ ಒಮ್ಮೆ ಕೇಳಿ ನೋಡಿ. ನಾನು ಕೇಳಿದಾಗ ನಮ್ಮಪ್ಪ ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಕೆಲಸವಿಲ್ಲದ ಗೆಳೆಯರು ಹೇಳುವ ಇನ್ನೊಂದು ಮಾತಿದೆ. 'ಗಾಡಿ ತಗೊಂಡು ಬಾಡಿಗೆಗೆ ಬಿಡ್ತೀನಿ, ಕಂತು ತಾನಾಗೇ ಹೋಯ್ತದೆ.' ಶಿವನಸಮುದ್ರ, ಮುತ್ತತ್ತಿ ಕಡೆಗೆ ವಾರಾಂತ್ಯ ಜನ ಬರುತ್ತಾರೆ, ನಿಜ. ಆದರೆ ಬಿಳಿ ಬೋರ್ಡಿನ ಗಾಡಿಯನ್ನು ಬಾಡಿಗೆಗೆ ಓಡಿಸುವಂತಿಲ್ಲ. ಪರ್ಮಿಟ್ ಬೇಕು, ಹಳದಿ ಬೋರ್ಡ್ ಬೇಕು, ಅದಕ್ಕೆ ತಕ್ಕ ವಿಮೆ ಬೇಕು. ಸ್ವಂತ ಬಳಕೆಯ ವಿಮೆ ಇಟ್ಟುಕೊಂಡು ಎಂಟು ಜನ ಪ್ರವಾಸಿಗರನ್ನು ಕೂರಿಸಿ ಹೊರಟು ಏನಾದರೂ ಆದರೆ ವಿಮಾ ಕಂಪನಿ ಕೈ ತೊಳೆದುಕೊಳ್ಳಬಹುದು. ಆಗ ಪರಿಹಾರಕ್ಕೆ ಹೋಗುವುದು ಅಪ್ಪನ ಗದ್ದೆ.

ಬದಲಿಗೆ ಒಂದು ಕೆಲಸದ ದಾರಿ ನನಗೆ ಕಾಣುತ್ತಿದೆ. ನಮ್ಮ ಐಟಿಐ, ಪಾಲಿಟೆಕ್ನಿಕ್‌ಗಳಿಂದ ಪ್ರತಿ ವರ್ಷ ಹುಡುಗ ಹುಡುಗಿಯರು ಹೊರಬರುತ್ತಾರೆ. ಹಳೆಯ ಗಾಡಿ ಕೊಳ್ಳುವವರು ಬ್ರೋಕರ್ ಮಾತು, ಇಲ್ಲವೇ ಭಾವಮೈದನ ಮಾತು ನಂಬುತ್ತಾರೆ. ಒಂದು ಸ್ಕ್ಯಾನರ್, ಒಂದು ಟಾರ್ಚು, ಒಂದು ಟೈರ್ ಗೇಜು ಇಟ್ಟುಕೊಂಡು, ಕೊಳ್ಳುವವರ ಪರವಾಗಿ ಗಾಡಿಯ ಅಡಿಗೆ ಮಲಗಿ ನೋಡಿ, ಕಾಗದ ಪರೀಕ್ಷಿಸಿ, ಎರಡು ಪುಟದ ವರದಿ ಕೊಡುವವರಿಗೆ ಜನ ಸಾವಿರ ರೂಪಾಯಿ ಕೊಡಲು ಹಿಂಜರಿಯುವುದಿಲ್ಲ ಎಂದು ನನ್ನ ಅಂದಾಜು. ಕಳೆದ ಮೂರು ತಿಂಗಳಲ್ಲಿ ಪರಿಚಯದವರಿಗಾಗಿ ನಾನು ನಾಲ್ಕು ಗಾಡಿ ನೋಡಿದ್ದೇನೆ. ಎರಡನ್ನು ಬೇಡ ಎಂದೆ. ಒಂದು ಮನೆಯವರು ಎಂಟುನೂರು ಕೊಟ್ಟರು, ಇನ್ನೊಬ್ಬರು ಎಳನೀರು ಕೊಟ್ಟರು. ಹೆಣ್ಣುಮಗಳು ಗಾಡಿ ಅಡಿಗೆ ತೂರಿದ್ದನ್ನು ನೋಡಲು ಊರಿನ ಅರ್ಧ ಜನ ಸೇರಿದ್ದು ಬೇರೆ ಮಾತು.

ಅಣ್ಣನ ಗಾಡಿಯ ಕಥೆ ಮುಗಿಸುತ್ತೇನೆ. ಸ್ಪೇಸರ್ ತೆಗೆಸಿದೆವು. ಬುಷ್, ಬಾಲ್ ಜಾಯಿಂಟ್, ನಾಲ್ಕೂ ಶಾಕ್ ಅಬ್ಸಾರ್ಬರ್, ಬ್ರೇಕ್ ಪ್ಯಾಡ್ ಹೊಸದು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಲು 46 ಸಾವಿರ ಆಯಿತು. ಅಗಲದ ಟೈರನ್ನು ನಷ್ಟಕ್ಕೆ ಮಾರಿ, ಕಂಪನಿ ಹೇಳಿದ ಅಳತೆಯವನ್ನು ಹಾಕಿಸಿದ. ಕಬ್ಬಿಣದ ಗಾರ್ಡ್ ತೆಗೆಯುವಾಗ ಅವನಿಗೆ ಬೇಜಾರಾದದ್ದು ಮುಖದಲ್ಲೇ ಕಾಣುತ್ತಿತ್ತು, ನಾನು ಏನೂ ಅನ್ನಲಿಲ್ಲ. ಟೈಮಿಂಗ್ ಬೆಲ್ಟ್ ಯಾವಾಗ ಬದಲಿಸಿದ್ದೋ ಹಿಂದಿನವರಿಗೂ ಗೊತ್ತಿರಲಿಲ್ಲ, ಆದ್ದರಿಂದ ಅದನ್ನೂ ಬದಲಿಸಿದೆವು. ಅದು ಹರಿದರೆ ಎಂಜಿನ್ನೇ ಹೋಗುತ್ತದೆ. ಈಗ ಗ್ಲೋವ್ ಬಾಕ್ಸಿನಲ್ಲಿ ಒಂದು ನೋಟ್‌ಬುಕ್ ಇದೆ. ಆಯಿಲ್ ಯಾವ ಕಿಲೋಮೀಟರಿಗೆ ಬದಲಿಸಿದ್ದು, ಡೀಸೆಲ್ ಫಿಲ್ಟರ್ ಯಾವಾಗ, ಕೂಲೆಂಟ್ ಯಾವಾಗ ಎಂದು ಅವನೇ ಬರೆಯುತ್ತಾನೆ. ಕೈಬರಹ ಮಾತ್ರ ಅವನಿಗಷ್ಟೇ ಅರ್ಥವಾಗುವಂಥದ್ದು.

ಆರ್‌ಸಿ ಹೋದ ತಿಂಗಳು ಅವನ ಹೆಸರಿಗೆ ಬಂತು. ಕಂತು ಇನ್ನೂ 31 ಉಳಿದಿವೆ. ಮೊನ್ನೆ ಭಾನುವಾರ ಅಜ್ಜಿಯನ್ನು ಕರೆದುಕೊಂಡು ಮದ್ದೂರಿನ ಅತ್ತೆ ಮನೆಗೆ ಹೋಗಿದ್ದೆವು. ಅಜ್ಜಿ ಬಾಗಿಲ ಹಿಡಿ ಹಿಡಿದು, ಫುಟ್‌ಬೋರ್ಡ್ ಮೇಲೆ ಕಾಲಿಟ್ಟು, ಒಂದು ಉಸಿರು ಬಿಟ್ಟು, ತಾವೇ ಹತ್ತಿ ಕೂತರು. ತೆಗೆದಿಟ್ಟ ಸ್ಪೇಸರ್‌ಗಳನ್ನು ದೊಡ್ಡಮ್ಮ ಕೊಟ್ಟಿಗೆ ಬಾಗಿಲು ಗಾಳಿಗೆ ಬಡಿಯದಂತೆ ಅಡ್ಡ ಇಟ್ಟಿದ್ದಾರೆ.